ಮೀಟರ್ 12.6 ಅಂತು, ಪಂಪು ಮಾತ್ರ ಮುಲುಗಿತು

ಒಂದು ಸಂಜೆ ನನ್ನ ಓಡಾಡುವ ಮನೆ, ಅಂದರೆ ಮೋಟರ್‌ಹೋಮ್‌ನ ಸಿಂಕ್ ಮುಂದೆ ನಿಂತು ನಲ್ಲಿ ತಿರುಗಿಸಿದೆ. ಗರ್ರ್ ಅನ್ನಬೇಕಿದ್ದ ನೀರಿನ ಪಂಪು ಸುಮ್ನೆ ಮುಲುಗಿತು. ತಲೆ ಮೇಲಿದ್ದ ಹಳೇ ಬಲ್ಬು ಮಂಕಾಯಿತು. ನಲ್ಲಿ ಮುಚ್ಚಿದೆ, ಬಲ್ಬು ಮತ್ತೆ ಚೆನ್ನಾಗಿ ಉರಿಯಿತು.

ಬ್ಯಾಟರಿ ಕೈಕೊಟ್ಟಿತು ಅಂದುಕೊಂಡು, ಎಲ್ಲ ಆಫ್ ಮಾಡಿ ಮಲ್ಟಿಮೀಟರ್ ಇಟ್ಟು ನೋಡಿದರೆ 12.6 ವೋಲ್ಟ್. ಲೆಡ್-ಆ್ಯಸಿಡ್ ಬ್ಯಾಟರಿಗೆ ಅದು ಹೊಟ್ಟೆ ತುಂಬಿದ ಲೆಕ್ಕ. ಅರ್ಧ ಖಾಲಿಯಾಗಿದ್ದರೆ 12.2ರ ಆಸುಪಾಸು ಇರುತ್ತದೆ. ಪಂಪಿನ ವೈರು ಬಿಚ್ಚಿ ಅದರ ತುದಿಗೆ ಮೀಟರ್ ಹಿಡಿದೆ. ಅಲ್ಲೂ 12.6. ಬ್ಯಾಟರಿ ಸರಿ, ವೈರು ಸರಿ, ಹಾಗಾದರೆ ಪಂಪೇ ಕೆಟ್ಟಿರಬೇಕು, ಅಲ್ವಾ? ಹೊಸ ಪಂಪು ತಂದು ಹಾಕಿದೆ. ಅದೂ ಮುಲುಗಿತು.

ನನ್ನ ಮೀಟರ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಡಿಜಿಟಲ್ ಮಲ್ಟಿಮೀಟರ್ ಒಳಗೆ ಸಾಮಾನ್ಯವಾಗಿ 1 ಕೋಟಿ ಓಮ್‌ನಷ್ಟು ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಡೆ, ಇರುತ್ತದೆ. 12 ವೋಲ್ಟ್ ಅಳೆಯುವಾಗ ಅದು ಎಳೆಯುವ ಕರೆಂಟು ಒಂದು ಆಂಪಿಯರ್‌ನ ಹತ್ತು ಲಕ್ಷದ ಒಂದು ಪಾಲು, ಅಷ್ಟೇ. ತುಕ್ಕು ಹಿಡಿದ ಬೋಲ್ಟಿನಲ್ಲಿ ಕೂದಲೆಳೆಯಷ್ಟು ದಾರಿ ಉಳಿದಿದ್ದರೂ ಅಷ್ಟು ಕರೆಂಟು ಆರಾಮಾಗಿ ದಾಟುತ್ತದೆ. ಪಂಪಿಗೆ ಬೇಕಾದದ್ದು ಆಂಪಿಯರ್‌ಗಟ್ಟಲೆ. ಪೈಪಿನಲ್ಲಿ ಕಸ ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿರುವಾಗ ನೀರಿನ ಒತ್ತಡ ಪೂರ್ತಿ ಇರುತ್ತದೆ. ತೆರೆದಾಗಲೇ ಗುಟ್ಟು ರಟ್ಟಾಗುವುದು.

ಲೆಕ್ಕಕ್ಕೆ ಸುಲಭವಾಗಲಿ ಅಂತ 10 ಆಂಪಿಯರ್ ಹರಿಯುತ್ತಿದೆ ಅಂದುಕೊಳ್ಳಿ. ದಾರಿಯಲ್ಲಿ ಎಲ್ಲೋ 0.2 ಓಮ್ ರೆಸಿಸ್ಟೆನ್ಸ್ ಸೇರಿಕೊಂಡಿದೆ. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಎರಡನ್ನೂ ಗುಣಿಸಿದರೆ 2 ವೋಲ್ಟ್ ಅಲ್ಲೇ ಸೋರಿಹೋಯಿತು. ಜೊತೆಗೆ ಆ ಜಾಗದಲ್ಲಿ 20 ವಾಟ್ ಬಿಸಿ. ಮನೆಯ 230 ವೋಲ್ಟಿನಲ್ಲಿ 2 ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಇರುವುದೇ 12, ಅದರಲ್ಲಿ ಆರನೇ ಒಂದು ಪಾಲು ಹೋದಂತೆ. ಕಡಿಮೆ ವೋಲ್ಟಿಗೆ ಇನ್ನೊಂದು ತಾಪತ್ರಯ ಇದೆ. 1200 ವಾಟ್‌ನ ಕೆಟಲಿಗೆ ಮನೆಯಲ್ಲಿ 5 ಆಂಪಿಯರ್ ಸಾಕು. ಅದೇ ಕೆಟಲನ್ನು ಇನ್ವರ್ಟರ್ ಮೂಲಕ ನಡೆಸಿದರೆ 12 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಇನ್ವರ್ಟರ್‌ನ ಕೇಬಲ್ ಅಷ್ಟು ದಪ್ಪ, ಅಷ್ಟು ಗಿಡ್ಡ ಇರುವುದು ಇದಕ್ಕೇ.

ಆ 0.2 ಓಮನ್ನು ಮೀಟರ್‌ನ ಓಮ್ ಸೆಟ್ಟಿಂಗ್‌ನಲ್ಲಿ ಹುಡುಕಲು ಹೋಗಬೇಡಿ. ಮೀಟರ್ ಕಡ್ಡಿಗಳ ವೈರಿನ ರೆಸಿಸ್ಟೆನ್ಸೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ವೋಲ್ಟ್ ಎಲ್ಲಿ ಸೋರುತ್ತಿದೆ ಅಂತ ನೋಡಬೇಕು, ಅದೂ ಕೆಲಸ ನಡೆಯುತ್ತಿರುವಾಗಲೇ.

ನಲ್ಲಿ ತೆರೆದು ಪಂಪು ಮುಲುಗುತ್ತಿರಲಿ ಅಂತ ಬಿಟ್ಟೆ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಪಂಪಿನ ನೆಗೆಟಿವ್‌ಗೆ. ಎರಡೂ ನೆಗೆಟಿವೇ. ವೈರು ಚೆನ್ನಾಗಿದ್ದರೆ ಸೊನ್ನೆಯ ಹತ್ತಿರ ತೋರಿಸಬೇಕು. ತೋರಿಸಿದ್ದು 1.9. ಪಾಸಿಟಿವ್ ಬದಿಯನ್ನೂ ಹೀಗೇ ನೋಡಿದೆ, ಅಲ್ಲಿ ಏನೂ ತೊಂದರೆ ಇರಲಿಲ್ಲ. ಸರಿ, ಕಳ್ಳ ವಾಪಸ್ ದಾರಿಯಲ್ಲಿದ್ದಾನೆ. ಈ ಗಾಡಿಗಳಲ್ಲಿ ಕರೆಂಟು ಹಿಂದಿರುಗಲು ಬಹಳ ಕಡೆ ಬೇರೆ ವೈರು ಇರುವುದಿಲ್ಲ, ಗಾಡಿಯ ಕಬ್ಬಿಣದ ಚೌಕಟ್ಟು, ಅಂದರೆ ಷಾಸಿಯೇ ವೈರು. ಒಂದು ಕಡ್ಡಿಯನ್ನು ಪಂಪಿನ ನೆಗೆಟಿವ್‌ನಲ್ಲೇ ಇಟ್ಟು ಇನ್ನೊಂದನ್ನು ಸರಿಸುತ್ತಾ ಬಂದೆ. ಕಪಾಟಿನ ಹಿಂದೆ ನಾಲ್ಕು ವೈರುಗಳನ್ನು ಒಟ್ಟಿಗೆ ಷಾಸಿಗೆ ಬಿಗಿದ ಒಂದು ಬೋಲ್ಟ್ ಇತ್ತು. ಅಲ್ಲಿ ವೈರಿನ ತುದಿಯ ತಾಮ್ರದ ಬಿಲ್ಲೆ, ಅಂದರೆ ಲಗ್ ಮುಟ್ಟಿದರೆ 0.1. ಬೆರಳಗಲ ಆಚೆ, ಷಾಸಿಯ ಕಬ್ಬಿಣ ಕೆರೆದು ಮುಟ್ಟಿದರೆ 1.8.

ಬೋಲ್ಟ್ ಹೊರಗಿನಿಂದ ಗಟ್ಟಿಯಾಗೇ ಕಾಣುತ್ತಿತ್ತು. ಬ್ಯಾಟರಿಯ ನೆಗೆಟಿವ್ ಕಳಚಿಟ್ಟು ಬೋಲ್ಟ್ ಬಿಚ್ಚಿದೆ. ಲಗ್ಗಿನ ಕೆಳಗೆ ಅರ್ಧ ಪೇಂಟು, ಅರ್ಧ ಕಂದು ಪುಡಿ. ರಸ್ತೆಯ ಕುಲುಕಾಟಕ್ಕೆ ಬಿಗಿ ಸಡಿಲವಾಗುತ್ತದೆ, ಸಂದಿಗೆ ತೇವ ಇಳಿಯುತ್ತದೆ. ತಾಮ್ರ, ಕಬ್ಬಿಣ, ನಡುವೆ ತೇವ. ಅದೇ ಒಂದು ಪುಟ್ಟ ಬ್ಯಾಟರಿ! ಅದು ಕಬ್ಬಿಣವನ್ನು ತಿನ್ನುತ್ತಾ ಕೂರುತ್ತದೆ. ಲೋಹ ಹೊಳೆಯುವ ತನಕ ಉಪ್ಪು ಕಾಗದ ಹಾಕಿ ತಿಕ್ಕಿ, ಹೊಸ ವಾಷರ್ ಕೂರಿಸಿ ಬಿಗಿದು, ಮೇಲೆ ಗ್ರೀಸ್ ಬಳಿದೆ. ಮತ್ತೆ ಅಳೆದಾಗ ಬೋಲ್ಟಿನ ಈಚೆಗೂ ಆಚೆಗೂ 0.02 ವೋಲ್ಟ್ ವ್ಯತ್ಯಾಸ.

ಸುಳಿವು ಮೊದಲೇ ಸಿಕ್ಕಿತ್ತು ಅನ್ನುವುದೇ ಬೇಜಾರು. ಪಂಪೊಂದೇ ಕೆಟ್ಟಿದ್ದರೆ ಬಲ್ಬು ಮಂಕಾಗಬೇಕಾಗಿರಲಿಲ್ಲ. ಎರಡೂ ಒಟ್ಟಿಗೆ ಸೊರಗಿದವು ಅಂದರೆ ಎರಡಕ್ಕೂ ಸೇರಿದ ದಾರಿಯಲ್ಲೇ ಅಡ್ಡಿ. ನಾನು ಕಣ್ಣಾರೆ ನೋಡಿಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎಲ್ಲ ತೊಂದರೆಯೂ ಬೋಲ್ಟಿನದೇ ಅಲ್ಲ, ನಿಜ. ಹೊರಗಿನ ಕರೆಂಟಿಗೆ ಪ್ಲಗ್ ಹಾಕಿದ ಮೇಲೆ ಬ್ಯಾಟರಿಯಲ್ಲಿ 13ರ ಮೇಲೆ ತೋರಿಸಬೇಕು. ಗಂಟೆ ಕಳೆದರೂ 12.4ರಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ. ಎಲ್ಲ ಆಫ್ ಮಾಡಿಟ್ಟ ಗಾಡಿಯಲ್ಲಿ ಅರ್ಧ ಆಂಪಿಯರ್ ಕದ್ದು ಹರಿದರೂ ದಿನಕ್ಕೆ 12 ಆಂಪಿಯರ್-ಅವರ್ ಖಾಲಿ. 100 ಆಂಪಿಯರ್-ಅವರ್ ಹಿಡಿಸುವ ಬ್ಯಾಟರಿ ನಾಲ್ಕೇ ದಿನಕ್ಕೆ ಅರ್ಧಕ್ಕೆ ಬರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದವರಿಗೆ ನಾನು ಹೇಳಿದ 12.6ರ ಲೆಕ್ಕ ನಡೆಯುವುದಿಲ್ಲ. ಅದು ಬಹುಪಾಲು ಖಾಲಿಯಾಗುವ ತನಕ 13ರ ಆಸುಪಾಸಿನಲ್ಲೇ ಇರುತ್ತದೆ. ಇನ್ನು ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆ ಅಂತ ದೊಡ್ಡದು ಹಾಕಬೇಡಿ. ಫ್ಯೂಸ್ ಇರುವುದು ಮೊದಲು ವೈರನ್ನು ಕಾಪಾಡಲು. ದೊಡ್ಡ ಫ್ಯೂಸ್ ಉಳಿದು ವೈರು ಸುಟ್ಟರೆ ಮರದ ಗೋಡೆಯ ಹಿಂದೆ ಬೆಂಕಿ.

ಪ್ಲಗ್ ಹಾಕಿರುವಾಗ ಗಾಡಿಯ ಮೈ ಮುಟ್ಟಿ ಜುಮ್ ಅಂದರೆ ಮಾತ್ರ ಇಲ್ಲಿ ಹೇಳಿದ್ದು ಯಾವುದೂ ಬೇಡ. ಗಾಡಿಯನ್ನು ಮುಟ್ಟದೆ ಹೊರಗಿನಿಂದ ಬರುವ ಕರೆಂಟನ್ನು ಅಲ್ಲಿಯೇ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್‌ನ ಕರೆಸಿ. ಅದು 12 ವೋಲ್ಟಿನ ಆಟ ಅಲ್ಲ.

ತೆಗೆದಿಟ್ಟ ಹಳೇ ಪಂಪನ್ನು ಆಮೇಲೊಂದು ದಿನ ನೇರ ಬ್ಯಾಟರಿಗೆ ಕೊಟ್ಟು ನೋಡಿದೆ. ಗರ್ರ್ ಅಂತ ತಿರುಗಿತು. ಸೀಟಿನ ಕೆಳಗಿನ ಡಬ್ಬದಲ್ಲಿ ಈಗಲೂ ಇದೆ.