ಧೂಳು ಸೆಳೆಯುವ ಡಕ್ಟಿನ ಅಳತೆ: ಮೊದಲು ವೇಗ, ಆಮೇಲೆ ವ್ಯಾಸ

ಧೂಳು ಸಂಗ್ರಹ ವ್ಯವಸ್ಥೆಯ ಡಕ್ಟಿನಲ್ಲಿ, ಅಂದರೆ ಗಾಳಿ ಸಾಗಿಸುವ ತಗಡಿನ ಕೊಳವೆಯಲ್ಲಿ, ಗಾಳಿಯ ಜೊತೆಗೆ ಘನ ಕಣಗಳೂ ಸಾಗಬೇಕು. ಕೊಠಡಿಗೆ ತಂಪು ಗಾಳಿ ತರುವ ಡಕ್ಟನ್ನು ತುಸು ದೊಡ್ಡದು ಮಾಡಿದರೆ ಸದ್ದೂ ಒತ್ತಡದ ನಷ್ಟವೂ ತಗ್ಗುತ್ತವೆ. ಅದೇ ರೂಢಿಯನ್ನು ಇಲ್ಲಿಗೆ ತಂದರೆ ಗಾಳಿಯ ವೇಗ ಕುಸಿದು, ಅಡ್ಡಲಾಗಿ ಹಾಯ್ದ ಡಕ್ಟಿನ ತಳದಲ್ಲಿ ಧೂಳು ಕೂರುತ್ತದೆ. ಅಂಥ ಡಕ್ಟನ್ನು ಕೆಳಗಿನಿಂದ ಬೆರಳ ಗೆಣ್ಣಿನಿಂದ ತಟ್ಟಿದರೆ ತಗಡಿನ ಕಣಕಣ ಸದ್ದಿನ ಬದಲು ಮಂದವಾದ ದಬದಬ ಸದ್ದು ಕೇಳುತ್ತದೆ. ಉರಿಯಬಲ್ಲ ಧೂಳಾದರೆ ಹೀಗೆ ಕೂತ ರಾಶಿಯೇ ಬೆಂಕಿಗೂ ಸ್ಫೋಟಕ್ಕೂ ಇಂಧನವಾಗುತ್ತದೆ.

ಆದ್ದರಿಂದ ಲೆಕ್ಕವನ್ನು ಸಾಗಣೆ ವೇಗದಿಂದ, ಅಂದರೆ ಧೂಳು ತಳದಲ್ಲಿ ಕೂರದಂತೆ ಒಯ್ಯಲು ಬೇಕಾದ ಗಾಳಿಯ ವೇಗದಿಂದ, ಆರಂಭಿಸಬೇಕು. ಹಗುರವಾದ ಒಣ ನಯ ಧೂಳಿಗೆ ಸೆಕೆಂಡಿಗೆ ಸುಮಾರು 13ರಿಂದ 15 ಮೀಟರ್, ಕಾರ್ಖಾನೆಗಳ ಸಾಮಾನ್ಯ ಧೂಳಿಗೆ 18ರಿಂದ 20 ಮೀಟರ್, ಭಾರವಾದ ಅಥವಾ ತೇವದ ಧೂಳಿಗೆ 23 ಮೀಟರ್ ಇಲ್ಲವೇ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಹುಡ್‌ಗೆ (ಯಂತ್ರದ ಬಳಿ ಧೂಳನ್ನು ಸೆಳೆದುಕೊಳ್ಳುವ ಬಾಯಿಗೆ) ಬೇಕಾದ ಗಾಳಿಯ ಹರಿವನ್ನು ಈ ವೇಗದಿಂದ ಭಾಗಿಸಿದರೆ ಡಕ್ಟಿನ ಅಡ್ಡಛೇದದ ವಿಸ್ತೀರ್ಣ ದೊರೆಯುತ್ತದೆ.

ಒಂದು ಯಂತ್ರದ ಹುಡ್‌ಗೆ ಸೆಕೆಂಡಿಗೆ 0.25 ಘನ ಮೀಟರ್ ಗಾಳಿ, 20 ಮೀಟರ್ ವೇಗ ಬೇಕೆನ್ನೋಣ. ವಿಸ್ತೀರ್ಣ 0.0125 ಚದರ ಮೀಟರ್, ವ್ಯಾಸ ಸುಮಾರು 126 ಮಿಲಿಮೀಟರ್. ಇಲ್ಲಿ 125 ಮಿಲಿಮೀಟರಿನ ಡಕ್ಟ್ ಆರಿಸಿದರೆ ವೇಗ 20.4 ಆಗುತ್ತದೆ, ‘ಇರಲಿ, ಸ್ವಲ್ಪ ದೊಡ್ಡದೇ ಒಳ್ಳೆಯದು’ ಎಂದು 150 ಆರಿಸಿದರೆ ಅದು 14.1ಕ್ಕೆ ಇಳಿಯುತ್ತದೆ. ಆದುದರಿಂದ ಹತ್ತಿರದ ಎರಡು ಅಳತೆಗಳಲ್ಲಿ ಚಿಕ್ಕದನ್ನೇ ಆರಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ವೇಗವನ್ನು ಮನಬಂದಂತೆ ಏರಿಸಲಾಗದು: ವೇಗದ ಒತ್ತಡವು (ಗಾಳಿಯ ಚಲನೆಯಿಂದ ಉಂಟಾಗುವ ಒತ್ತಡ) ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ 20 ಮೀಟರಿನಲ್ಲಿ 240 ಪ್ಯಾಸ್ಕಲ್ ಇದ್ದದ್ದು 25ರಲ್ಲಿ 375 ಆಗುತ್ತದೆ, ಫ್ಯಾನಿನ ಮೇಲಿನ ಹೊರೆ ಏರುತ್ತದೆ, ಒರಟು ಧೂಳು ಡಕ್ಟಿನ ತಿರುವುಗಳನ್ನು ಬೇಗ ಸವೆಸುತ್ತದೆ.

ಕಲಿಯುವವರು ಹೆಚ್ಚಾಗಿ ಎಡವುವುದು ಕವಲುಗಳು ಕೂಡುವಲ್ಲಿ. ಮೇಲೆ ಹೇಳಿದಂಥ 125 ಮಿಲಿಮೀಟರಿನ ಎರಡು ಕವಲು ಸೇರಿದಾಗ ಕೂಡಬೇಕಾದದ್ದು ವಿಸ್ತೀರ್ಣಗಳನ್ನು. ವ್ಯಾಸಗಳನ್ನು ಕೂಡಿ 250 ಮಿಲಿಮೀಟರಿನ ಮುಖ್ಯ ಡಕ್ಟ್ ಹಾಕಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗಿ, ವೇಗ ಕೇವಲ 10.2 ಉಳಿಯುತ್ತದೆ. 175 ಮಿಲಿಮೀಟರ್ ಹಾಕಿದರೆ 20.8 ಸಿಗುತ್ತದೆ. ಕವಲು ಮುಖ್ಯ ಡಕ್ಟನ್ನು 30 ಡಿಗ್ರಿಯಲ್ಲಿ, ಹೆಚ್ಚೆಂದರೆ 45 ಡಿಗ್ರಿಯಲ್ಲಿ ಸೇರಬೇಕು. ಎರಡು ಕವಲುಗಳು ಎದುರುಬದುರಾಗಿ ಸೇರಬಾರದು.

ಕೂಡುವ ಜಾಗದಲ್ಲಿ ಎರಡೂ ಕವಲುಗಳ ಸ್ಥಿರ ಒತ್ತಡ (ಗಾಳಿ ಡಕ್ಟಿನ ಗೋಡೆಯ ಮೇಲೆ ಬೀರುವ ಒತ್ತಡ) ಸಮವಾಗಿರಬೇಕು, ಇಲ್ಲವಾದರೆ ಗಾಳಿ ತಡೆ ಕಡಿಮೆಯಿರುವ ಕಡೆಗೇ ಹೆಚ್ಚು ಹರಿದು, ಇನ್ನೊಂದು ಹುಡ್ ಸೊರಗುತ್ತದೆ. ಒಂದಕ್ಕೆ 600, ಇನ್ನೊಂದಕ್ಕೆ 500 ಪ್ಯಾಸ್ಕಲ್ ಬೇಕಿದ್ದರೆ, ಎರಡನೆಯದರ ಹರಿವನ್ನು ಈ ಒತ್ತಡಗಳ ಅನುಪಾತದ (600/500) ವರ್ಗಮೂಲದಿಂದ ಗುಣಿಸಬೇಕು, 0.25 ಇದ್ದದ್ದು 0.274 ಆಗುತ್ತದೆ, ಮುಂದಿನ ಡಕ್ಟಿಗೆ ಈ ಹೊಸ ಹರಿವನ್ನೇ ಹಿಡಿಯಬೇಕು. ಒತ್ತಡಗಳ ಅಂತರ ಇದಕ್ಕಿಂತ ದೊಡ್ಡದಿದ್ದರೆ ಸೊರಗದ ಕವಲಿನ ವ್ಯಾಸವನ್ನೇ ಕಿರಿದು ಮಾಡುವುದು ಲೇಸು.

ಇಷ್ಟೆಲ್ಲ ಸರಿಯಿದ್ದರೂ, ಬಳಸದ ಯಂತ್ರದ ಕವಲಿನಲ್ಲಿ ಗಾಳಿ ತಡೆಯುವ ಗೇಟನ್ನು ಮುಚ್ಚಿದಾಗ ಉಳಿದ ಕವಲಿನ ಹರಿವು ತುಸು ಏರುತ್ತದೆಯಾದರೂ ಮುಖ್ಯ ಡಕ್ಟಿನ ವೇಗ ಬಹಳಷ್ಟು ಇಳಿಯುತ್ತದೆ. ಯಾವ ಗೇಟುಗಳು ಒಟ್ಟಿಗೆ ಮುಚ್ಚಿರಬಹುದು ಎಂಬುದನ್ನು ಅಳತೆ ಗೊತ್ತುಮಾಡುವ ಮುನ್ನವೇ ಕೇಳಿ ಬರೆದಿಟ್ಟುಕೊಂಡು, ಆ ಸ್ಥಿತಿಗೂ ಮುಖ್ಯ ಡಕ್ಟಿನ ವೇಗವನ್ನು ಲೆಕ್ಕ ಹಾಕಬೇಕು.