ಯಾವ ರಾಗ ಹಾಡಿಸಿದರೆ ಆಟಿಸಂ ವಾಸಿಯಾಗುತ್ತೆ?

ಪ್ರಶ್ನೆ: ನನ್ನ ಮಗನಿಗೆ 26 ವರ್ಷ, ಆಟಿಸಂ ಇದೆ. ಮಾತು ತುಂಬಾ ಕಡಿಮೆ. ನಿಮ್ಮ ಭಾನುವಾರದ ಹಾಡಿನ ಗುಂಪಿಗೆ ಸೇರಿಸಬೇಕು ಅಂದುಕೊಂಡಿದ್ದೇವೆ. ಯಾವ ರಾಗ ಹಾಡಿಸುತ್ತೀರಿ? ಎಷ್ಟು ದಿನದಲ್ಲಿ ಗುಣ ಕಾಣುತ್ತೆ?

ಉತ್ತರ: ಖಂಡಿತ ಕರೆದುಕೊಂಡು ಬನ್ನಿ. ಮಾತು ಬರದಿದ್ದರೂ ಪರವಾಗಿಲ್ಲ, ಶ್ರುತಿ ಸೇರದಿದ್ದರೂ ಪರವಾಗಿಲ್ಲ. ಆದರೆ ಈ ರಾಗದ ಪ್ರಶ್ನೆ ಇದೆಯಲ್ಲ, ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಫೋನಿನಲ್ಲಿ ಕೇಳುತ್ತಾರೆ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳುತ್ತಾರೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಆಟಿಸಂ ವಾಸಿ ಮಾಡುವ ರಾಗ ಅಂತ ಯಾವುದೂ ಇಲ್ಲ. ಮೋಹನ ಅಲ್ಲ, ಹಂಸಧ್ವನಿ ಅಲ್ಲ. ನೀಲಾಂಬರಿ ಲಾಲಿಹಾಡಿಗೆ ಚೆಂದ, ಹಾಗಂತ ಅದು ಔಷಧಿಯಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ರಾಗ–ರೋಗದ ಪಟ್ಟಿಯನ್ನು ದಯವಿಟ್ಟು ನನಗೆ ಕಳಿಸಬೇಡಿ. ಆಟಿಸಂ ಜ್ವರದ ಹಾಗೆ ಬಂದು ಹೋಗುವ ಕಾಯಿಲೆಯಲ್ಲ, ಮಿದುಳು ಬೆಳೆದ ರೀತಿಯೇ ಬೇರೆ, ಅದು ಕೊನೆತನಕ ಜೊತೆಗಿರುತ್ತದೆ. ಯಾರೂ ಪರೀಕ್ಷೆ ಮಾಡಿ ನೋಡಿಲ್ಲ ಅಂದುಕೊಳ್ಳಬೇಡಿ. ಒಂಬತ್ತು ದೇಶಗಳ 364 ಮಕ್ಕಳನ್ನು ಸೇರಿಸಿ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಐದು ತಿಂಗಳು ಸಂಗೀತ ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಆಟಿಸಂ ಲಕ್ಷಣಗಳ ತೀವ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ ಇಂಥ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ಅದರಲ್ಲಿ ಸ್ವಲ್ಪ ಭರವಸೆ ಇದೆ: ಲಕ್ಷಣಗಳು ಒಂದಿಷ್ಟು ತಗ್ಗಬಹುದು, ಬದುಕು ಹೆಚ್ಚು ನೆಮ್ಮದಿಯಾಗಬಹುದು. ಆದರೆ ಮಾತು ಹೆಚ್ಚುತ್ತದೆ, ಜನರ ಜೊತೆ ಬೆರೆಯುವುದು ಹೆಚ್ಚುತ್ತದೆ ಅನ್ನುವುದಕ್ಕೆ ಸ್ಪಷ್ಟ ಆಧಾರ ಸಿಗಲಿಲ್ಲ. ಆ ಸಂಗೀತ ಚಿಕಿತ್ಸೆಯೂ ತರಬೇತಿ ಪಡೆದ ಚಿಕಿತ್ಸಕರು ಮಾಡುವ ಕೆಲಸ. ನಮ್ಮದು ಹಾಡುವ ಗುಂಪು.

ನಂಬಿಕೊಂಡರೆ ನಷ್ಟ ಏನು ಅಂತೀರಾ? ನಷ್ಟ ಇದೆ. ಎರಡು ವರ್ಷದ ಹಿಂದೆ ಒಬ್ಬರು ಬರುತ್ತಿದ್ದರು. ಕಿಟಕಿ ಪಕ್ಕ ನಿಂತು, ಬೆರಳುಗಳನ್ನು ಕಣ್ಣೆದುರು ಆಡಿಸುತ್ತಾ, ಪ್ರತಿ ಸಾಲಿನ ಕೊನೆಯ ಸ್ವರವನ್ನು ಮಾತ್ರ ಹಾಡುತ್ತಿದ್ದರು. ಉಳಿದದ್ದು ನಾವು ಹಾಡಿ, ಕೊನೆಗೆ ಅವರಿಗಾಗಿ ಕಾಯುತ್ತಿದ್ದೆವು. ಆರು ತಿಂಗಳಾದ ಮೇಲೆ ಮನೆಯವರು 'ಏನೂ ಇಂಪ್ರೂವ್‌ಮೆಂಟ್ ಇಲ್ಲ' ಅಂತ ಬಿಡಿಸಿಬಿಟ್ಟರು. ವಾರದಲ್ಲಿ ಅವರು ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಅದೊಂದೇ ಜಾಗಕ್ಕೆ. ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಭಜನಾ ಮಂಡಳಿಗೆ ಹೋಗುವ ನಿಮ್ಮ ಅತ್ತೆಯವರನ್ನು ಯಾರಾದರೂ ಆರು ತಿಂಗಳಿಗೊಮ್ಮೆ 'ಏನು ಗುಣ ಕಂಡಿತು' ಅಂತ ಕೇಳುತ್ತಾರಾ? ಖುಷಿಯಾಗುತ್ತೆ, ನಾಲ್ಕು ಜನ ಸಿಗುತ್ತಾರೆ, ಅದಕ್ಕೇ ಹೋಗುತ್ತಾರೆ ಅಲ್ವಾ?

ನಾವು ಶುರು ಮಾಡುವುದು ಸಂಗೀತದ ಮೊದಲ ಪಾಠವಾದ ಸರಳೆ ವರಸೆಯಿಂದ, ಎಲ್ಲರ ಹಾಗೆ ಮಾಯಾಮಾಳವಗೌಳ ರಾಗದಲ್ಲಿ. ಸ ಆದ ಮೇಲೆ ರಿ, ರಿ ಆದ ಮೇಲೆ ಗ. ಮುಂದೆ ಏನು ಬರುತ್ತೆ ಅಂತ ಮೊದಲೇ ಗೊತ್ತು. ಮುಂದೇನಾಗುತ್ತೋ ಅನ್ನುವ ಆತಂಕದಲ್ಲೇ ವಾರವಿಡೀ ಕಳೆಯುವವರಿಗೆ ಅದು ದೊಡ್ಡ ಬಿಡುವು. ಉಳಿದದ್ದೂ ಹಾಗೇ: ಹತ್ತು ಗಂಟೆಗೆ ಶ್ರುತಿಪೆಟ್ಟಿಗೆ, ಅದೇ ಜಮಖಾನೆ, ಅವರವರ ಜಾಗ. ಮೈಕ್ ಇಲ್ಲ. ಚಪ್ಪಾಳೆಯೂ ಇಲ್ಲ, ಥಟ್ಟನೆ ಏಳುವ ಸದ್ದು ಕೆಲವರಿಗೆ ತಡೆಯಲಾಗದಷ್ಟು ಹಿಂಸೆ. ಚೆನ್ನಾಗಿತ್ತು ಅನ್ನಿಸಿದರೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತೇವೆ.

ನೀವು ಕೇಳಿಲ್ಲ, ಆದರೂ ಇನ್ನೊಂದು ಮಾತು. ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಅದು ಹತ್ತಿರ ಬಂತೆಂದರೆ 'ನಿಮ್ಮ ಮಕ್ಕಳಿಂದ ಒಂದು ಹಾಡು ಹಾಡಿಸಿ' ಅಂತ ಫೋನ್ ಬರುತ್ತದೆ. ಮಕ್ಕಳು ಯಾರು? ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ 21, ಹಿರಿಯರಿಗೆ 43. ಒಬ್ಬರ ಗಡ್ಡ ನರೆತಿದೆ. ಅವರಿಗೆ ಶಿಶುಗೀತೆ ಕಲಿಸಿ 'ಜಾಣಮರಿ' ಅನ್ನುವುದು ನನ್ನಿಂದ ಆಗದು. ಇಲ್ಲಿ ಎಲ್ಲರಿಗೂ ಬಹುವಚನ: ಬನ್ನಿ, ಕೂತ್ಕೊಳ್ಳಿ, ಯಾವ ಹಾಡು ಬೇಕು ಹೇಳಿ. ಹೇಳಲಾಗದವರು ಕಾರ್ಡ್ ತೋರಿಸುತ್ತಾರೆ. ಹೋದ ತಿಂಗಳು ಒಬ್ಬರು ನಾಲ್ಕು ವಾರವೂ ಒಂದೇ ಭಾವಗೀತೆಯ ಕಾರ್ಡ್ ತೋರಿಸಿದರು. ನಾಲ್ಕು ವಾರವೂ ಅದನ್ನೇ ಹಾಡಿದೆವು.

ಭಾನುವಾರ ಸ್ವಲ್ಪ ಬೇಗ, ಒಂಬತ್ತೂಮುಕ್ಕಾಲಿಗೇ ಬನ್ನಿ. ಜನ ಸೇರುವ ಮುಂಚೆ ನಿಮ್ಮ ಮಗ ಸುಮ್ನೆ ಒಂದು ಸುತ್ತು ಹಾಕಿ ಜಾಗ ನೋಡಿಕೊಳ್ಳಲಿ. ಕಿವಿಗೆ ಹಾಕುವ ಹೆಡ್‌ಫೋನ್ ಇದ್ದರೆ ತನ್ನಿ. ಒಳಗೆ ಬರಲು ಇಷ್ಟವಿಲ್ಲದಿದ್ದರೆ ಮೆಟ್ಟಿಲ ಮೇಲೆ ಕೂತು ಕೇಳಲಿ, ಬಾಗಿಲು ತೆರೆದೇ ಇರುತ್ತದೆ.