ಬಬಲ್ ರ‍್ಯಾಪ್ ಎಷ್ಟು ಸುತ್ತಬೇಕು ಎಂದು ಕೇಳುವವರಿಗೆ

ಓದುಗರ ಪ್ರಶ್ನೆ: ಹನ್ನೊಂದು ತಿಂಗಳ ಕರಾರು ಮುಗಿಯುತ್ತಿದೆ. ಜೂನ್ ಕೊನೆಗೆ ಮೀರಾ ರೋಡಿನಿಂದ ಡೊಂಬಿವಲಿಗೆ ಮನೆ ಬದಲಿಸುತ್ತಿದ್ದೇವೆ. ಮದುವೆಗೆ ಉಡುಗೊರೆಯಾಗಿ ಬಂದ ತಂಜಾವೂರು ಶೈಲಿಯ ಕೃಷ್ಣನ ಪಟ ಇದೆ, ಮಗಳು ಕ್ಯಾನ್ವಾಸ್ ಮೇಲೆ ಅಕ್ರಿಲಿಕ್‌ನಲ್ಲಿ ಬಿಡಿಸಿದ ಎರಡು ಚಿತ್ರಗಳಿವೆ. ಬಬಲ್ ರ‍್ಯಾಪ್ ಎಷ್ಟು ಸುತ್ತು ಸುತ್ತಿದರೆ ಸಾಕು?

ಚಿತ್ರದ ಮೈಗೆ ತಾಗುವಂತೆ ಒಂದು ಸುತ್ತೂ ಬೇಡ. ಮುಂಬೈಯ ಮಾಟುಂಗದಲ್ಲಿ ಪಟಗಳಿಗೆ ಕಟ್ಟು (ಫ್ರೇಮು) ಹಾಕುವ ನನಗೆ ಪ್ರತಿ ವರ್ಷ ಮೇ, ಜೂನ್ ಬಂತೆಂದರೆ ಇದೇ ಪ್ರಶ್ನೆ. ಎರಡು ಸುತ್ತು ಸಾಕೇ ಎಂದು ಒಬ್ಬರು, ನಾಲ್ಕು ಬೇಕೇ ಎಂದು ಇನ್ನೊಬ್ಬರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಕಾರಣ ಸಮೇತ ಬರೆದುಬಿಡುತ್ತೇನೆ.

ಬಬಲ್ ರ‍್ಯಾಪ್ ಪೆಟ್ಟು ತಡೆಯುತ್ತದೆ, ನಿಜ. ಗಾಜಿನ ಲೋಟಕ್ಕೆ, ಮಿಕ್ಸರಿಗೆ ಅದು ಸರಿಯಾದ ವಸ್ತುವೇ, ಏಕೆಂದರೆ ಅವುಗಳ ಮೈ ಗಟ್ಟಿ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ಪ್ಲಾಸ್ಟಿಕ್ಕಿನ ತೆಳು ಪದರವಾಗಿಯೇ ಇರುತ್ತದೆ, ಮುಂಬೈಯ ಸೆಖೆಗೆ ಅದು ಇನ್ನಷ್ಟು ಮೆತ್ತಗಾಗುತ್ತದೆ. ಅದರ ಮೇಲೆ ಗುಳ್ಳೆಗಳನ್ನು ಬಿಗಿಯಾಗಿ ಒತ್ತಿ, ಟೇಪು ಎಳೆದು ಕಟ್ಟಿ, ಮುಚ್ಚಿದ ಟೆಂಪೋದಲ್ಲಿ ಘೋಡ್‌ಬಂದರ್ ರಸ್ತೆಯ ವಾಹನದಟ್ಟಣೆಯಲ್ಲಿ ನಿಲ್ಲಿಸಿದರೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಮೂಡದೆ ಇರುತ್ತದೆಯೇ? ಮುಲುಂಡಿನವರೊಬ್ಬರು ತಂದಿದ್ದ ಸಮುದ್ರದ ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ್ದೇನೆ. ನೇರವಾಗಿ ನೋಡಿದರೆ ಏನೂ ಇಲ್ಲ. ಓರೆ ಮಾಡಿದ ಕೂಡಲೇ ನೀಲಿ ಆಕಾಶದ ಉದ್ದಕ್ಕೂ ಸಾಲು ಹಿಡಿದ ಉಂಗುರಗಳು, ಒಂದೊಂದೂ ಸುಮಾರು ಒಂದು ಸೆಂಟಿಮೀಟರ್ ಅಗಲ. ಎರಡು ಕಡೆ ಪ್ಲಾಸ್ಟಿಕ್ ಅಂಟಿಕೊಂಡು ಬಣ್ಣವನ್ನೇ ಕಿತ್ತಿತ್ತು. ಅಂಥ ಗುರುತನ್ನು ಉಜ್ಜಿ ತೆಗೆಯಲು ಬರುವುದಿಲ್ಲ. ತೈಲವರ್ಣವಾದರೆ ಪಾರು ಎಂದುಕೊಳ್ಳಬೇಡಿ. ಅದರ ಮೇಲ್ಮೈ ಒಣಗಿದರೂ ದಪ್ಪ ಪದರಗಳು ಒಳಗೆ ಒಣಗಲು ತಿಂಗಳುಗಟ್ಟಲೆ ಬೇಕು, ವಾರ್ನಿಷ್ ಕೂಡ ಶಾಖಕ್ಕೆ ಅಂಟುತ್ತದೆ.

‘ಗುಳ್ಳೆ ಹೊರಗಡೆ ಬರುವ ಹಾಗೆ ಸುತ್ತುತ್ತೇವೆ, ಆಗ ಆಗಬಹುದಲ್ಲ’ ಎನ್ನುವವರಿದ್ದಾರೆ. ಉಂಗುರ ಮೂಡುವುದು ಕಡಿಮೆಯಾಗಬಹುದು, ಆದರೆ ಪ್ಲಾಸ್ಟಿಕ್ ಬಣ್ಣಕ್ಕೆ ಅಂಟುವುದು ತಪ್ಪುವುದಿಲ್ಲ. ತೇವದ ತೊಂದರೆಯಂತೂ ಹಾಗೆಯೇ ಉಳಿಯುತ್ತದೆ. ಮಳೆಗಾಲದಲ್ಲಿ ಇಲ್ಲಿನ ಗಾಳಿಯ ಆರ್ದ್ರತೆ ಶೇಕಡಾ 80 ದಾಟುವುದು ದಿನನಿತ್ಯದ ಸಂಗತಿ. ಆ ಗಾಳಿಯನ್ನೂ ಸೇರಿಸಿ ನೀವು ಚಿತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯುತ್ತೀರಿ. ಹೊಸ ಮನೆಯಲ್ಲಿ ಎಸಿ ಕೋಣೆಯಲ್ಲಿಟ್ಟರೆ ಒಳಗಿನ ಗಾಳಿ ತಣಿದು ನೀರಹನಿ ಕಟ್ಟುತ್ತದೆ. ನೀರು ಚಿತ್ರದ ಮೇಲೆಯೇ ಇಳಿಯುತ್ತದೆ. ತಂಜಾವೂರು ಪಟದಲ್ಲಿ ಉಬ್ಬಿ ನಿಂತ ಭಾಗ ಸುಣ್ಣದ ಪುಡಿ ಮತ್ತು ಅಂಟಿನ ಮಿಶ್ರಣ. ಚಿನ್ನದ ರೇಕು, ಕಲ್ಲುಗಳು ಕೂತಿರುವುದು ಅದರ ಮೇಲೆ. ತೇವ ಹಿಡಿದರೆ ಅಂಟು ಸಡಿಲವಾಗುತ್ತದೆ. ‘ಮನೆ ಸರಿಹೋಗಲಿ, ಆಮೇಲೆ ಬಿಚ್ಚೋಣ’ ಎಂದು ಎರಡು ತಿಂಗಳು ಮಂಚದಡಿ ಇಟ್ಟ ಪಟಗಳೇ ನನ್ನ ಅಂಗಡಿಗೆ ಬೂಷ್ಟು ಹಿಡಿದು ಬರುತ್ತವೆ.

ಹಾಗಾದರೆ ಮಾಡಬೇಕಾದದ್ದೇನು? ಚಿತ್ರದ ಮೈಗೆ ಏನೂ ತಾಗದಂತೆ ನೋಡಿಕೊಳ್ಳಬೇಕು. ಕಟ್ಟು ಇರುವ ಚಿತ್ರಕ್ಕೆ ಇದು ಬಹಳ ಸುಲಭ. ಕಟ್ಟಿನ ಅಂಚು ಚಿತ್ರಕ್ಕಿಂತ ಮೇಲೆ ಇದ್ದೇ ಇರುತ್ತದೆ. ಅದರ ಹೊರ ಅಳತೆಗೆ ಗಟ್ಟಿ ರಟ್ಟು ಕತ್ತರಿಸಿ ಮೇಲೆ ಕೂರಿಸಿದರೆ ನಡುವೆ ಗಾಳಿಗೆ ಜಾಗ ಉಳಿಯುತ್ತದೆ. ಕಟ್ಟಿಲ್ಲದ ಕ್ಯಾನ್ವಾಸ್ ಆದರೆ ರಟ್ಟನ್ನು ಮಡಚಿ ನಾಲ್ಕು ಮೂಲೆಗೂ ದಪ್ಪ ಟೊಪ್ಪಿಗೆ ಮಾಡಿ ಹಾಕಿ, ಅದರ ಮೇಲೆ ರಟ್ಟು ಇಡಿ. ಮೈಗೆ ಏನಾದರೂ ತಾಗಲೇಬೇಕು ಎಂದಾದರೆ ಗ್ಲಾಸಿನ್ ಕಾಗದ, ಅಂದರೆ ನುಣುಪಾದ, ಅರೆಪಾರದರ್ಶಕ ತೆಳು ಕಾಗದ. ಅದು ಸಿಗದಿದ್ದರೆ ಒಂದು ದಿನದ ಪ್ರಯಾಣಕ್ಕೆ ಬಟರ್ ಪೇಪರ್. ವೃತ್ತಪತ್ರಿಕೆ ಬೇಡ, ಮಸಿ ಇಳಿಯುತ್ತದೆ. ಇಷ್ಟೆಲ್ಲ ಆದ ಮೇಲೆ, ಎಲ್ಲಕ್ಕಿಂತ ಹೊರಗೆ, ಬಬಲ್ ರ‍್ಯಾಪ್ ಸುತ್ತಿ. ಪೆಟ್ಟು ತಡೆಯುವ ಕೆಲಸವನ್ನು ಅಲ್ಲಿ ಅದು ಚೆನ್ನಾಗಿಯೇ ಮಾಡುತ್ತದೆ. ತಲುಪಿದ ದಿನವೇ ಬಿಚ್ಚಿ.

ಗಾಜಿದ್ದರೆ ಅದರ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ ಅಂಟಿಸಿ. ಟೇಪಿನಿಂದ ಗಾಜು ಒಡೆಯುವುದು ನಿಲ್ಲುವುದಿಲ್ಲ, ಒಡೆದ ಚೂರು ಚಿತ್ರವನ್ನು ಕೊಯ್ಯುವುದು ನಿಲ್ಲುತ್ತದೆ. ಟೇಪು ಕಟ್ಟಿನ ಮೇಲೆ ಹತ್ತಬಾರದು, ಬಂಗಾರದ ಬಣ್ಣ ಸುಲಿದು ಬರುತ್ತದೆ. ಹಿಂದಿನ ಕೊಕ್ಕೆ, ತಂತಿ ಬಿಚ್ಚಿಡಿ.

ಟೆಂಪೋದಲ್ಲಿ ಪಟಗಳು ನಿಂತೇ ಹೋಗಬೇಕು. ಮಲಗಿಸಿದರೆ ಅದರ ಮೇಲೆ ಯಾರಾದರೂ ಕುಕ್ಕರ್ ಇಟ್ಟೇ ಇಡುತ್ತಾರೆ. ಎರಡು ಪಟಗಳನ್ನು ಜೊತೆಗಿಡುವಾಗ ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು. ಹಮಾಲರಿಗೆ ಕನ್ನಡದಲ್ಲಿ ಬರೆದಿಟ್ಟು ಪ್ರಯೋಜನವಿಲ್ಲ. ಅವರು ಓದುವ ಲಿಪಿಯಲ್ಲಿ ‘ಕಾಚ್ ಹೈ, ಖಡಾ ರಖೋ’ (ಗಾಜಿದೆ, ನಿಲ್ಲಿಸಿಡಿ) ಎಂದು ಎರಡೂ ಬದಿಗೆ ಬರೆಯಿರಿ, ಬಾಯಲ್ಲೂ ಹೇಳಿ. ಲಿಫ್ಟಿನ ಬಾಗಿಲಿನ ಅಳತೆಯನ್ನು ಹಿಂದಿನ ದಿನವೇ ತೆಗೆದುಕೊಳ್ಳಿ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಇಷ್ಟು ಜೋಪಾನವಾಗಿ ತಂದ ಪಟವನ್ನು ಹೊಸ ಮನೆಯಲ್ಲಿ ಯಾವ ಗೋಡೆಗೆ ಹಾಕುತ್ತೀರಿ? ಸಾಮಾನ್ಯವಾಗಿ ಹಾಲಿನ ದೊಡ್ಡ ಗೋಡೆಗೆ. ಅದು ಪಶ್ಚಿಮಕ್ಕೋ ದಕ್ಷಿಣಕ್ಕೋ ಮುಖ ಮಾಡಿದ ಹೊರಗೋಡೆಯಾಗಿದ್ದರೆ ನೈಋತ್ಯ ಮಳೆ ನೇರವಾಗಿ ಬಡಿಯುವುದು ಅದಕ್ಕೇ. ಬಣ್ಣ ಬಳಿದಿರುವುದರಿಂದ ಜುಲೈವರೆಗೆ ಒಳಗಿನ ತೇವ ಕಾಣುವುದಿಲ್ಲ. ಬಚ್ಚಲಿಗೆ ಅಂಟಿದ ಗೋಡೆಯೂ ಬೇಡ. ಎರಡು ಕೋಣೆಗಳ ನಡುವಿನ ಒಳಗೋಡೆ ಒಳ್ಳೆಯದು. ಎಲ್ಲಿಯೇ ಹಾಕಿದರೂ ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿ, ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡಲಿ. ನೀವು ಹೋಗುತ್ತಿರುವುದು ಜೂನ್ ಕೊನೆಗೆ, ಗೋಡೆಯ ಸ್ವಭಾವ ನಿಮಗಿನ್ನೂ ಗೊತ್ತಿಲ್ಲ. ಕೃಷ್ಣನ ಪಟವನ್ನು ಈ ಮಳೆಗಾಲ ಮುಗಿಯುವವರೆಗೆ ಒಳಕೋಣೆಯಲ್ಲಿ, ನೆಲದಿಂದ ಮೇಲೆ, ಕಪಾಟಿನ ಮೇಲೋ ಮೇಜಿನ ಮೇಲೋ ನಿಲ್ಲಿಸಿಡಿ. ಅಕ್ಟೋಬರಿನಲ್ಲಿ ಮೊಳೆ ಹೊಡೆಯಿರಿ.